ನರ ಒತ್ತಿದೆಯೋ, ತುಂಡಾಗಿದೆಯೋ?



ಕುಡಗೋಲು, ಕೊಡಲಿ, ಮೆಟ್ಟುಗತ್ತಿಗಳ ನಡುವೆ ದುಡಿಯುವ ನಮಗೆ ಕೈಗೆ ಗಾಯವಾಗುವುದು ಹೊಸದಲ್ಲ. ಆಗ “ನರ ಹೋಯಿತು” ಎನ್ನುತ್ತೇವೆ. ಆದರೆ ನಮ್ಮ ಮಾತಿನಲ್ಲಿ ಮೂರು ವಸ್ತುಗಳಿಗೆ ನರ ಎಂಬ ಒಂದೇ ಹೆಸರಿದೆ. ಚರ್ಮದಡಿ ಹಸಿರಾಗಿ ಕಾಣುವುದು ರಕ್ತನಾಳ. ಮಣಿಕಟ್ಟಿನಲ್ಲಿ ಹುರಿಯಂತೆ ಏಳುವುದು ಬೆರಳನ್ನು ಎಳೆಯುವ ಸ್ನಾಯುರಜ್ಜು. ನಿಜವಾದ ನರ ಇವೆರಡೂ ಅಲ್ಲ. ಅದು ಮಿದುಳಿನ ಅಪ್ಪಣೆಯನ್ನು ಸ್ನಾಯುವಿಗೂ, ಚರ್ಮದ ಸ್ಪರ್ಶವನ್ನು ಮಿದುಳಿಗೂ ಒಯ್ಯುವ ಬಿಳಿಯ ಎಳೆಗಳ ಕಟ್ಟು.

ಬೆನ್ನುಹುರಿಯಿಂದ ಇಂಥ 31 ಜೊತೆ ನರಗಳು ಹೊರಡುತ್ತವೆ. ಕೈಗೆ ಬರುವವು ಕುತ್ತಿಗೆಯ ಬುಡದಲ್ಲಿ ಹೆಣೆದುಕೊಂಡು, ಮುಖ್ಯವಾಗಿ ಮೂರು ಕವಲಾಗಿ ಕೆಳಗಿಳಿಯುತ್ತವೆ. ರೇಡಿಯಲ್ ನರ ಮಣಿಕಟ್ಟನ್ನು ಮೇಲೆತ್ತುತ್ತದೆ. ಮೀಡಿಯನ್ ನರದಿಂದ ಹೆಬ್ಬೆರಳು, ತೋರುಬೆರಳುಗಳಿಗೆ ಸ್ಪರ್ಶ. ಅಲ್ನಾರ್ ನರದಿಂದ ಕಿರುಬೆರಳಿಗೆ ಸ್ಪರ್ಶ, ಬೆರಳುಗಳನ್ನು ಅಗಲಿಸುವ ಶಕ್ತಿ. ಮೊಣಕೈ ತಾಗಿದಾಗ ಜುಮ್ಮೆನ್ನುವುದು ಈ ಅಲ್ನಾರ್ ನರವೇ.

ನರಕ್ಕೆ ಬೀಳುವ ಪೆಟ್ಟನ್ನು ಇಂಗ್ಲೆಂಡಿನ ಶಸ್ತ್ರವೈದ್ಯ ಸೆಡನ್ 1943ರಲ್ಲಿ ಮೂರು ಬಗೆಯಾಗಿ ವಿಂಗಡಿಸಿದರು. ವೈದ್ಯರು ಇಂದಿಗೂ ಅದನ್ನು ಬಳಸುತ್ತಾರೆ. ಆಸರೆ ಮರಕ್ಕೆ ಹಬ್ಬಿದ ಎಲೆಬಳ್ಳಿಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಒಳಗಿನ ಎಳೆ ಬಳ್ಳಿ. ಸುತ್ತಲಿನ ಹೊದಿಕೆ ಆಸರೆ.

ಮೊದಲನೆಯದು ಒತ್ತಡ. ಉಳ್ಳಾಗಡ್ಡಿ ಕೀಳುವಾಗ, ಕಳೆ ತೆಗೆಯುವಾಗ ತಾಸುಗಟ್ಟಲೆ ಕುಕ್ಕರಗಾಲಲ್ಲಿ ಕುಳಿತರೆ ಮೊಣಕಾಲಿನ ಹೊರಬದಿಯ ನರ ಒತ್ತಿ ಪಾದ ಜೋತು ಬೀಳುವುದುಂಟು. ಇಲ್ಲಿ ಬಳ್ಳಿಯೂ ಆಸರೆಯೂ ಉಳಿದಿವೆ. ಒತ್ತಡ ತಪ್ಪಿದರೆ ಕೆಲವು ದಿನಗಳಿಂದ ಎರಡು-ಮೂರು ತಿಂಗಳೊಳಗೆ ತಾನಾಗಿ ಸರಿಹೋಗುತ್ತದೆ.

ಎರಡನೆಯದರಲ್ಲಿ ಬಳ್ಳಿ ಸತ್ತಿದೆ, ಆಸರೆ ನಿಂತಿದೆ. ತೋಳಿನ ಎಲುಬು ಮುರಿದಾಗ, ಬಿದಿರಿನ ದಬ್ಬೆಯನ್ನು ಅತಿ ಬಿಗಿಯಾಗಿ ಕಟ್ಟಿದಾಗ ಹೀಗಾಗಬಹುದು. ಎಳೆಗಳು ಹಳೆಯ ಹಾದಿಯಲ್ಲೇ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮತ್ತೆ ಬೆಳೆಯುತ್ತವೆ.

ಮೂರನೆಯದರಲ್ಲಿ ಬಳ್ಳಿ, ಆಸರೆ ಎರಡೂ ಕಡಿದಿವೆ. ಹರಿತವಾದ ಕತ್ತಿಯ ಗಾಯದಲ್ಲಿ ಹೀಗಾಗುವುದು ಹೆಚ್ಚು. ತುದಿಗಳನ್ನು ಶಸ್ತ್ರಕ್ರಿಯೆಯಿಂದ ಕೂಡಿಸದಿದ್ದರೆ ಎಳೆಗಳಿಗೆ ಹಾದಿ ಸಿಗದೆ ಅಲ್ಲೇ ಗಂಟುಕಟ್ಟುತ್ತವೆ.

ತೊಡಕು ಏನೆಂದರೆ, ಮೊದಲ ದಿನ ಮೂರೂ ಒಂದೇ ರೀತಿ ಕಾಣುತ್ತವೆ: ಜೋಮು, ನಿಶ್ಶಕ್ತಿ. ಆದ್ದರಿಂದ ಪೆಟ್ಟು ಹೇಗಾಯಿತೆಂಬುದನ್ನೇ ನೋಡಬೇಕು. ಕತ್ತಿಯ ಗಾಯವಾಗಿ, ಅದರ ಕೆಳಗೆ ಸ್ಪರ್ಶ ಹೋಗಿದ್ದರೆ ನರ ತುಂಡಾಗಿದೆಯೆಂದೇ ತಿಳಿಯಿರಿ. ಗಾಯವಿಲ್ಲದ ಪೆಟ್ಟಾದರೆ ಮೂರು-ನಾಲ್ಕು ವಾರಗಳ ನಂತರ ವಿದ್ಯುತ್ ಪರೀಕ್ಷೆಯಿಂದ ವೈದ್ಯರು ನರದ ಸ್ಥಿತಿಯನ್ನು ಅಂದಾಜು ಮಾಡಬಲ್ಲರು.

ಕಾಯುತ್ತ ಕೂಡಬಾರದೇಕೆ? ಲೆಕ್ಕ ನೋಡಿ. ಮೊಣಕೈಯಿಂದ ಅಂಗೈಯ ಸ್ನಾಯುಗಳಿಗೆ ಸುಮಾರು 30 ಸೆಂಟಿಮೀಟರ್, ಅಂದರೆ ನರ ಬೆಳೆದು ತಲುಪಲು ಹತ್ತು ತಿಂಗಳು. ಅಪ್ಪಣೆಯಿಲ್ಲದ ಸ್ನಾಯು ಒಂದು-ಒಂದೂವರೆ ವರ್ಷದಲ್ಲಿ ಸೊರಗಿ, ಮತ್ತೆ ನರ ಬಂದರೂ ಸ್ಪಂದಿಸದಂತಾಗುತ್ತದೆ. “ತಾನಾಗಿ ಬರುತ್ತದೆ” ಎಂದು ಎಂಟು ತಿಂಗಳು ಕಳೆದವನಿಗೆ ಹೊಲಿಗೆ ಹಾಕಿದರೂ ಕೈಯ ಹಿಡಿತ ಮರಳುವುದು ಕಷ್ಟ. ಕೂಲಿಯವನಿಗೆ ಹಿಡಿತ ಹೋದರೆ ಅನ್ನವೇ ಹೋದಂತೆ.

ಗಾಯವಾದೊಡನೆ ಮಾಡಬೇಕಾದದ್ದಿಷ್ಟು:

1. ಶುದ್ಧ ಬಟ್ಟೆಯಿಂದ ಗಾಯವನ್ನು ಅದುಮಿ ಹಿಡಿದು ರಕ್ತ ನಿಲ್ಲಿಸಿ. ಅರಿಷಿಣ, ಸುಣ್ಣ, ಕಾಫಿಪುಡಿ ತುಂಬಬೇಡಿ.

2. ಕಿರುಬೆರಳ ತುದಿ, ತೋರುಬೆರಳ ತುದಿ ಮುಟ್ಟಿ ಗೊತ್ತಾಗುತ್ತದೆಯೇ ಎಂದು ಕೇಳಿ. ಬೆರಳು ಅಗಲಿಸಲು, ಮಣಿಕಟ್ಟು ಎತ್ತಲು ಹೇಳಿ.

3. ಕಂಡುದನ್ನು ವೈದ್ಯರಿಗೆ ತಿಳಿಸಿ. ಚರ್ಮಕ್ಕೆ ಹೊಲಿಗೆ ಬಿದ್ದ ಮೇಲೂ ಜೋಮು ಉಳಿದಿದ್ದರೆ “ನರ ನೋಡಿದಿರಾ?” ಎಂದು ಸಂಕೋಚವಿಲ್ಲದೆ ಕೇಳಿ. ತುಂಡಾದ ನರವನ್ನು ಮೊದಲ ಕೆಲವು ದಿನಗಳಲ್ಲೇ ಕೂಡಿಸುವುದು ಉತ್ತಮ.

4. ಮರದಿಂದ ಬಿದ್ದು ಇಡೀ ತೋಳು ಜೋತುಬಿದ್ದರೆ ಕುತ್ತಿಗೆಯ ಬುಡದಲ್ಲೇ ನರ ಕಿತ್ತಿರಬಹುದು. ಕುತ್ತಿಗೆ ಅಲುಗಿಸದೆ ಸಾಗಿಸಿ.

ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಸದಸ್ಯರು ಮೊದಲು ಹತ್ತಿರದ ಸರಕಾರಿ ಆಸ್ಪತ್ರೆಗೆ ತೋರಿಸಿ, ಅಲ್ಲಿಂದ ಗದಗಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೋ, ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೋ ಚೀಟಿ ಬರೆಸಿಕೊಳ್ಳಬಹುದು. ಯಾವ ಪೆಟ್ಟೂ ಇಲ್ಲದೆ ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಕಂಡರೆ ಅದನ್ನೂ ತೋರಿಸಿರಿ. ಅದು ಕುಷ್ಠದ ಸೂಚನೆಯಿರಬಹುದು. ಅದಕ್ಕೆ ಪುಕ್ಕಟೆ ಔಷಧವಿದೆ.

ಈ ಮಾತನ್ನು ನಿಮ್ಮ ತೋಟದ ಆಳುಗಳಿಗೂ ಓದಿ ಹೇಳಬೇಕೆಂದು ವಿನಂತಿ.

— ಕಾರ್ಯದರ್ಶಿ