ರೈಸ್ ಮಾಸ್ತರರ ಮನೆತನ

ಕನ್ನಡ ನಾಡಿನ ಇತಿಹಾಸವನ್ನು ಓದುವವರಿಗೆ ರೈಸ್ ಎಂಬ ಹೆಸರು ಅಪರಿಚಿತವಲ್ಲ. ಹಳೆಯ ಮೈಸೂರು ಸೀಮೆಯ ಮತ್ತು ಕೊಡಗಿನ ಸುಮಾರು 9000 ಶಾಸನಗಳನ್ನು ಬೆಳಕಿಗೆ ತಂದು, ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಹೆಸರಿನ 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಮಹನೀಯರು ಬೆಂಜಮಿನ್ ಲೂಯಿಸ್ ರೈಸ್. ಗಂಗರ ಮಗ ಯಾರು, ಮೊಮ್ಮಗ ಯಾರು, ಹೊಯ್ಸಳ ರಾಜನ ಕೈಕೆಳಗಿದ್ದ ದಂಡನಾಯಕನ ತಾಯಿಯ ಹೆಸರೇನು ಎಂಬುದನ್ನೆಲ್ಲ ಕಲ್ಲುಗಳ ಬಾಯಿಂದ ಹೇಳಿಸಿದವರು ಅವರು. ಆದರೆ ಆ ರೈಸರು ಯಾರ ಮಗ? ಅವರ ಮನೆತನ ಎಂಥದು? ಅವರು ಶಾಸನತಜ್ಞರಾಗುವ ಮೊದಲು ಬೆಂಗಳೂರಿನ ಒಂದು ಶಾಲೆಯ ಮಾಸ್ತರರಾಗಿದ್ದರೆಂಬುದು ಎಷ್ಟು ಜನಕ್ಕೆ ಗೊತ್ತು? ಇತರರ ವಂಶಾವಳಿಯನ್ನು ಹುಡುಕಿಕೊಟ್ಟವರ ವಂಶಾವಳಿಯನ್ನು ನಾವು ಹುಡುಕಿ ನೋಡೋಣ. ಹೀಗೆ ಹುಡುಕುವ ದಾರಿಯನ್ನು ಒಮ್ಮೆ ಅರಿತರೆ, ವಿದ್ಯಾರ್ಥಿಮಿತ್ರರೇ, ನಿಮ್ಮ ಸ್ವಂತ ಮನೆತನದ ಕಥೆಯನ್ನೂ ನೀವೇ ಬರೆಯಬಲ್ಲಿರಿ.

ಮೊದಲನೆಯ ಮೆಟ್ಟಿಲು ಹುಟ್ಟಿದ ದಿನ. ಲೂಯಿಸ್ ರೈಸರು 1837ನೆಯ ಇಸವಿ ಜುಲೈ 17ರಂದು ಬೆಂಗಳೂರಿನಲ್ಲಿ ಜನಿಸಿದರು. ಅದೇ ವರ್ಷ ಜೂನ್ 20ರಂದು ವಿಕ್ಟೋರಿಯಾ ಇಂಗ್ಲೆಂಡಿನ ಪಟ್ಟವನ್ನೇರಿದ್ದಳು. ಹೀಗಾಗಿ ರೈಸರನ್ನು ವಿಕ್ಟೋರಿಯಾ ರಾಣಿಯ ಕಾಲದ ಮಾಸ್ತರರೆಂದು ಕರೆದರೆ ಅದು ಅಕ್ಷರಶಃ ನಿಜ. ಇಂಗ್ಲೆಂಡಿನಲ್ಲಿ ಸರಕಾರವೇ ಜನನ, ವಿವಾಹ, ಮರಣಗಳನ್ನು ನೋಂದಾಯಿಸುವ ಪದ್ಧತಿ ಜಾರಿಗೆ ಬಂದದ್ದೂ ಅದೇ 1837ರ ಜುಲೈ ತಿಂಗಳಿನಲ್ಲಿ. ಆದರೆ ನಮ್ಮ ದೇಶದಲ್ಲಿದ್ದ ಆಂಗ್ಲರ ಕುಟುಂಬಗಳಿಗೆ ಆಗ ಆಧಾರವೆಂದರೆ ಚರ್ಚಿನ ದಫ್ತರ. ಕೂಸಿಗೆ ದೀಕ್ಷಾಸ್ನಾನ ಮಾಡಿಸಿದ ದಿನ, ಮದುವೆಯಾದ ದಿನ, ಮಣ್ಣು ಮಾಡಿದ ದಿನ ಇವು ಮೂರನ್ನೂ ಪಾದ್ರಿಗಳು ಬರೆದಿಡುತ್ತಿದ್ದರು. ಇಂಥ ದಫ್ತರಗಳ ನಕಲುಗಳು ಆಯಾ ಪ್ರಾಂತ್ಯದ ರಾಜಧಾನಿಗೂ ಅಲ್ಲಿಂದ ಲಂಡನ್ನಿಗೂ ಹೋಗುತ್ತಿದ್ದುದರಿಂದ, ಊರಿನ ಪ್ರತಿಯನ್ನು ಗೆದ್ದಲು ತಿಂದರೂ ದೂರದ ಪ್ರತಿ ಉಳಿಯುತ್ತಿತ್ತು. ಒಂದೇ ಸಂಗತಿಯನ್ನು ಎರಡು ಕಡೆ ಬರೆದಿಡುವುದರ ಬೆಲೆ ಇದು.

ಎರಡನೆಯ ಮೆಟ್ಟಿಲು ತಂದೆ. ಇಲ್ಲಿ ಹುಡುಕುವವರು ಎಚ್ಚರದಿಂದಿರಬೇಕು. ಏಕೆಂದರೆ ತಂದೆಯ ಹೆಸರೂ ಬೆಂಜಮಿನ್ ರೈಸ್, ಮಗನ ಹೆಸರೂ ಬೆಂಜಮಿನ್ ರೈಸ್! ತಂದೆ ಬೆಂಜಮಿನ್ ಹೋಲ್ಟ್ ರೈಸರು ಲಂಡನ್ ಮಿಷನ್ ಸಂಸ್ಥೆಯ ಪಾದ್ರಿಗಳು. ಅವರು ಬೆಂಗಳೂರಿಗೆ ಬಂದು, ಕನ್ನಡವನ್ನು ಚೆನ್ನಾಗಿ ಕಲಿತು, ಸುಮಾರು ಐವತ್ತು ವರ್ಷ ಅಲ್ಲಿಯೇ ದುಡಿದು, 1887ರಲ್ಲಿ ಕಾಲವಾದರು. ಇಂದಿಗೂ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ರೈಸ್ ಸ್ಮಾರಕ ಚರ್ಚು ನಿಂತಿದೆ. ಅದನ್ನು ಕಂಡವರಲ್ಲಿ ಹಲವರು ಶಾಸನತಜ್ಞ ರೈಸರ ಸ್ಮಾರಕವೆಂದು ಭಾವಿಸುವುದುಂಟು. ಅದು ತಂದೆಯ ನೆನಪಿನದು, ಮಗನದಲ್ಲ.

ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸುವುದು ಹೇಗೆ? ಹೆಸರಿನೊಡನೆ ಕಾಲವನ್ನೂ ಕೆಲಸವನ್ನೂ ಸೇರಿಸಿ ನೋಡಬೇಕು. ತಂದೆ ಮಿಷನ್ನಿನ ಸೇವಕರು. ಅವರ ಸುದ್ದಿ ಮಿಷನ್ನಿನ ವರದಿಗಳಲ್ಲಿ ಸಿಗುತ್ತದೆ. ಮಗ ಸರಕಾರದ ನೌಕರರು. ಅವರ ಸುದ್ದಿ ವಿದ್ಯಾ ಇಲಾಖೆಯ ವರದಿಗಳಲ್ಲಿ ಸಿಗುತ್ತದೆ. 1850ರ ಕಾಗದವೊಂದರಲ್ಲಿ ‘ಬೆಂಗಳೂರಿನ ರೈಸ್’ ಎಂದು ಕಂಡರೆ ಅದು ತಂದೆಯೇ ಸರಿ. ಮಗನಿಗೆ ಆಗ ಹದಿಮೂರು ವರ್ಷ. ಇಷ್ಟು ಸರಳವಾದ ಲೆಕ್ಕವೇ ದೊಡ್ಡ ಗೊಂದಲಗಳನ್ನು ತಪ್ಪಿಸುತ್ತದೆ.

ಮೂರನೆಯ ಮೆಟ್ಟಿಲು ತಾಯಿ. ರೈಸ್ ದಂಪತಿಗಳು ಬೆಂಗಳೂರಿನಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಕಲಿಸಲು ಮೊದಲಿಗರಾಗಿ ಮುಂದೆ ಬಂದವರ ಸಾಲಿಗೆ ಸೇರಿದವರು. ಹುಡುಗಿಯರನ್ನು ಶಾಲೆಗೆ ಕಳಿಸುವುದೇ ಅಪರೂಪವಾಗಿದ್ದ 1840ರ ದಶಕದ ಮಾತು ಇದು. ಆದರೆ ಅಂದಿನ ವರದಿಗಳನ್ನು ತೆರೆದರೆ ಇಂಥ ಹೆಂಗಸರ ಸ್ವಂತ ಹೆಸರು ಸಿಗುವುದೇ ಕಷ್ಟ. ಎಲ್ಲೆಲ್ಲೂ ‘ಮಿಸೆಸ್ ಇಂಥವರು’ ಎಂದು ಗಂಡನ ಹೆಸರೇ ಇರುತ್ತದೆ. ಹೆಣ್ಣಿನ ಸ್ವಂತ ಹೆಸರು ಬೇಕಾದರೆ ಮದುವೆಯ ದಫ್ತರವನ್ನೋ ಸಮಾಧಿಯ ಕಲ್ಲನ್ನೋ ನೋಡಬೇಕು. ಇದು ಆಂಗ್ಲರ ಮನೆಯ ಕಥೆ ಮಾತ್ರವಲ್ಲ. ನಮ್ಮ ನಿಮ್ಮ ಮನೆಗಳ ಕಥೆಯೂ ಇದೇ. ಮಂಡ್ಯ ಸೀಮೆಯ ಆತಕೂರಿನ ಹತ್ತನೆಯ ಶತಮಾನದ ವೀರಗಲ್ಲಿನಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ನಾಯಿಯ ಹೆಸರು ‘ಕಾಳಿ’ ಎಂದು ಸ್ಪಷ್ಟವಾಗಿ ಬರೆದಿದೆ. ಸಾವಿರ ವರ್ಷಗಳ ಹಿಂದಿನ ಆ ನಾಯಿಯ ಹೆಸರನ್ನು ನಾವು ಬಲ್ಲೆವು. ನಮ್ಮ ಮುತ್ತಜ್ಜಿಯ ಹೆಸರನ್ನು ಬಲ್ಲೆವೆ?

ನಾಲ್ಕನೆಯ ಮೆಟ್ಟಿಲು ವೃತ್ತಿ. ಇಂಗ್ಲೆಂಡಿನಲ್ಲಿ ವ್ಯಾಸಂಗ ಮುಗಿಸಿ ತಾವು ಹುಟ್ಟಿದ ಊರಿಗೆ ಮರಳಿದ ಲೂಯಿಸ್ ರೈಸರು 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಾಧ್ಯಾಪಕರಾದರು. ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದದ್ದು ಇದೇ ಹೈಸ್ಕೂಲು. ಆಗ ಅವರಿಗೆ ಇಪ್ಪತ್ತಮೂರರ ವಯಸ್ಸು. ಅನಂತರ ಅವರು ಶಾಲೆಗಳ ತನಿಖಾಧಿಕಾರಿಗಳಾದರು. ಮೈಸೂರು ಮತ್ತು ಕೊಡಗುಗಳ ವಿದ್ಯಾ ಇಲಾಖೆಯ ನಿರ್ದೇಶಕರೂ ಆದರು. ಶಾಲೆಗಳನ್ನು ನೋಡಲು ಊರೂರು ಸುತ್ತುವಾಗಲೇ ಗುಡಿಯ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತ ಬರಹದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. 1879ರಲ್ಲಿ ‘ಮೈಸೂರು ಶಾಸನಗಳು’ ಎಂಬ ಗ್ರಂಥ ಹೊರಬಂದಿತು. 1885ರಲ್ಲಿ ಪುರಾತತ್ತ್ವದ ಕೆಲಸದ ಹೊಣೆ ಅವರಿಗೆ ಬಂದಿತು. 1906ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ತೆರಳಿದ ಅವರು 1927ರ ಜುಲೈ 10ರಂದು ಇಂಗ್ಲೆಂಡಿನ ಹ್ಯಾರೋ ಎಂಬಲ್ಲಿ ತೀರಿಕೊಂಡರು. ತೊಂಬತ್ತು ತುಂಬಲು ಒಂದೇ ವಾರ ಉಳಿದಿತ್ತು.

ಐದನೆಯ ಮೆಟ್ಟಿಲು ಒಡಹುಟ್ಟಿದವರು ಮತ್ತು ಬೀಗರು. ಲೂಯಿಸ್ ರೈಸರ ತಮ್ಮ ಎಡ್ವರ್ಡ್ ರೈಸರು ತಂದೆಯಂತೆ ಮಿಷನ್ನಿನ ಪಾದ್ರಿಗಳು. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಎಂದರೆ ಇವರೇ. ತಂದೆಯ ಜೀವನಚರಿತ್ರೆಯನ್ನು ಬರೆದವರೂ ಇವರೇ. ಆದ್ದರಿಂದ ಮನೆತನವನ್ನು ಹುಡುಕುವವರಿಗೆ ಆ ಪುಸ್ತಕ ಒಂದು ನಿಧಿ. ಇನ್ನು ಲೂಯಿಸ್ ರೈಸರು ಮದುವೆಯಾದದ್ದು ಜಾನ್ ಗ್ಯಾರೆಟ್ಟರ ಮಗಳನ್ನು. ಈ ಗ್ಯಾರೆಟ್ಟರು ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಲ್ಲಿ 1840ರ ದಶಕದಲ್ಲಿಯೇ ಭಗವದ್ಗೀತೆಯನ್ನು ಕನ್ನಡ ಅನುವಾದದೊಡನೆ ಅಚ್ಚು ಹಾಕಿಸಿದವರು. ಆಮೇಲೆ ಮೈಸೂರಿನ ವಿದ್ಯಾ ಇಲಾಖೆಯ ನಿರ್ದೇಶಕರಾದವರು. ಮಾವ ಕುಳಿತ ಕುರ್ಚಿಯಲ್ಲಿ ಮುಂದೆ ಅಳಿಯನೂ ಕುಳಿತರು. ಶಾಲೆ, ಮುದ್ರಣಾಲಯ, ಕನ್ನಡ ಈ ಮೂರು ನೂಲುಗಳು ಆ ಮನೆಯಲ್ಲಿ ಹೇಗೆ ಹೆಣೆದುಕೊಂಡಿದ್ದವೆಂಬುದು ಇದರಿಂದ ತಿಳಿಯುತ್ತದೆ. ಒಬ್ಬನನ್ನೇ ನೋಡಿದರೆ ತಿಳಿಯದ್ದು ಮನೆತನವನ್ನು ನೋಡಿದರೆ ತಿಳಿಯುತ್ತದೆ.

ಇನ್ನೊಂದು ಸಂಗತಿಯನ್ನು ಗಮನಿಸಿರಿ. 1881ರ ಮೈಸೂರು ಜನಗಣತಿಯ ಮುಖ್ಯಾಧಿಕಾರಿಗಳೂ ರೈಸರೇ ಆಗಿದ್ದರು. ಇಂಗ್ಲೆಂಡಿನಲ್ಲಿ ಹತ್ತು ವರ್ಷಕ್ಕೊಮ್ಮೆ ನಡೆಯುವ ಗಣತಿಯಲ್ಲಿ ಪ್ರತಿ ಮನೆಯವರ ಹೆಸರು, ವಯಸ್ಸು, ಕಸುಬುಗಳನ್ನು ಬರೆದ ಪುಸ್ತಕಗಳನ್ನು ಕಾದಿಟ್ಟಿದ್ದಾರೆ. ನೂರು ವರ್ಷ ಕಳೆದ ಮೇಲೆ ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಉಳಿದುಬಂದದ್ದು ಅಂಕಿಗಳು, ಜನರ ಹೆಸರುಗಳಲ್ಲ. ಹೀಗಾಗಿ ಗಣತಿಯನ್ನು ಮಾಡಿಸಿದ ರೈಸರ ಮನೆತನವನ್ನು ಕಾಗದಗಳಲ್ಲಿ ಕಾಣುವುದು ಸುಲಭ. ಅವರು ಎಣಿಸಿದ ಲಕ್ಷಾಂತರ ಜನರಲ್ಲಿ ಒಬ್ಬ ರೈತನ ಮನೆತನವನ್ನು ಕಾಣುವುದು ಕಷ್ಟ. ಕಷ್ಟವೆಂದೆನೇ ಹೊರತು ಅಸಾಧ್ಯವೆನ್ನಲಿಲ್ಲ.

ನಾವಿರುವ ದೇಹೂ ರೋಡಿನತ್ತ ಈಗ ತಿರುಗೋಣ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಕೆ. ಬಿ. ಪಾಠಕರು ‘ಕವಿರಾಜಮಾರ್ಗ’ವನ್ನು ಸಂಪಾದಿಸಿದಾಗ, 1898ರಲ್ಲಿ ಅದು ಬೆಳಕು ಕಂಡದ್ದು ರೈಸರ ಗ್ರಂಥಮಾಲೆಯಲ್ಲಿ. ಲೋಣಾವಳದ ಲೋಕಲ್ ಗಾಡಿಯನ್ನು ಹತ್ತಿ ಮಳವಲಿಯಲ್ಲಿ ಇಳಿದರೆ ಕಾರ್ಲೆಯ ಗುಹೆಗಳು ಸಿಗುತ್ತವೆ. ಅಲ್ಲಿನ ಚೈತ್ಯದ ಮೊಗಸಾಲೆಯಲ್ಲಿ ಸುಮಾರು 2000 ವರ್ಷಗಳ ಹಿಂದಿನ ಒಂದು ಬರಹವಿದೆ. ಆ ಶಿಲಾಭವನವನ್ನು ಪೂರ್ತಿಗೊಳಿಸಿದವನು ವೈಜಯಂತಿಯ ಶೆಟ್ಟಿ ಭೂತಪಾಲನೆಂದು ಅದು ಹೇಳುತ್ತದೆ. ವೈಜಯಂತಿಯೆಂದರೆ ನಮ್ಮ ಬನವಾಸಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಊರು ಬಿಟ್ಟು ಇಷ್ಟು ದೂರ ಬಂದವನು ತನ್ನ ಹೆಸರಿನೊಡನೆ ಊರಿನ ಹೆಸರನ್ನೂ ಬರೆಸಿದ. ಆದ್ದರಿಂದಲೇ ಅವನು ಇಂದಿಗೂ ನಮ್ಮವನಾಗಿ ಉಳಿದಿದ್ದಾನೆ.

ಡಿಪೋದ ಕೆಲಸಕ್ಕೆಂದು ಬಂದವರು, ಕಟ್ಟಡದ ಕೂಲಿಗೆಂದು ಬಂದವರು, 1972ರ ಬರಗಾಲದಲ್ಲಿ ಗುಳೆ ಬಂದವರು ಹೀಗೆ ನಮ್ಮ ಹಿರಿಯರು ಬಗೆಬಗೆಯಾಗಿ ಇಲ್ಲಿಗೆ ಸೇರಿದರು. ಅವರ ಊರು ಯಾವುದು, ಬಂದ ವರ್ಷ ಯಾವುದು ಎಂದು ತರಗತಿಯಲ್ಲಿ ಕೇಳಿದರೆ ‘ಕರ್ನಾಟಕದ ಕಡೆ’ ಎಂಬಷ್ಟೇ ಉತ್ತರ ಬರುವುದುಂಟು. ಒಂದು ತಲೆಮಾರಿನ ಮೌನ ಸಾಕು, ಇನ್ನೂರು ವರ್ಷದ ನೆನಪು ಅಳಿದುಹೋಗಲು.

ಆದ್ದರಿಂದ ಹೀಗೆ ಮಾಡಿರಿ. ಗೊತ್ತಿರುವುದರಿಂದ ಹೊರಟು ಗೊತ್ತಿಲ್ಲದ್ದರ ಕಡೆಗೆ ನಡೆಯಿರಿ. ಮೊದಲು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿರಿ. ಅಜ್ಜಿಗೆ ಇಸವಿ ನೆನಪಿರಲಿಕ್ಕಿಲ್ಲ, ಆದರೆ ‘ಬಾಬಾಸಾಹೇಬರು ಇಲ್ಲಿಗೆ ಬಂದಾಗ ನಾನು ಸಣ್ಣಾಕಿ’ ಎಂದು ಅವಳು ಹೇಳಿದರೆ ನಿಮಗೆ ಇಸವಿ ಸಿಕ್ಕಂತೆಯೇ, ಡಾ. ಅಂಬೇಡ್ಕರರು ದೇಹೂ ರೋಡಿನಲ್ಲಿ ಬುದ್ಧಮೂರ್ತಿಯನ್ನು ಪ್ರತಿಷ್ಠಾಪಿಸಿದ್ದು 1954ರ ಡಿಸೆಂಬರ್ 25ರಂದು. ಆಮೇಲೆ ಕಾಗದಗಳಿಗೆ ಕೈ ಹಾಕಿರಿ: ಶಾಲೆ ಬಿಟ್ಟ ದಾಖಲೆ, ರೇಶನ್ ಕಾರ್ಡು, ಡಿಪೋದಲ್ಲಿದ್ದವರ ಸರ್ವಿಸ್ ಬುಕ್ಕು. ಊರಲ್ಲಿ ಹೊಲವಿದ್ದರೆ ಉತಾರವನ್ನು ನೋಡಿರಿ. ಅಪ್ಪ ತೀರಿದ ಮೇಲೆ ಮಕ್ಕಳ ಹೆಸರು ಏರಿದ ವಾರಸಾ ನೋಂದಣಿಯಲ್ಲಿ ಎರಡು ತಲೆಮಾರುಗಳು ಒಟ್ಟಿಗೆ ಸಿಗುತ್ತವೆ. ಹೊಲವಿಲ್ಲದವರು ನಿರಾಶರಾಗಬೇಕಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಳವರು ಸುಗ್ಗಿ ಮುಗಿದ ಮೇಲೆ ಮನೆಮನೆಗೆ ಬಂದು ವಂಶಾವಳಿಯನ್ನು ಹೇಳುವುದನ್ನು ನಿಮ್ಮ ಹಿರಿಯರು ಬಲ್ಲರು. ಜಾತ್ರೆಗೆ ಊರಿಗೆ ಹೋದಾಗ ನಿಮ್ಮ ಮನೆಯ ಹೆಳವ ಯಾರೆಂದು ವಿಚಾರಿಸಿರಿ.

ಆದರೆ ಬರೆದದ್ದೆಲ್ಲ ನಿಜವೆಂದು ನಂಬಬೇಡಿರಿ. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಹುಟ್ಟಿದ ದಿನ ಶಾಲೆಯ ರಿಜಿಸ್ಟರಿನಲ್ಲಿ ಜೂನ್ 1 ಎಂದಿರುತ್ತದೆ. ಅವರೆಲ್ಲರೂ ಒಂದೇ ದಿನ ಹುಟ್ಟಿದವರಲ್ಲ. ಹೆಸರು ಹಚ್ಚುವ ದಿನ ತಿಥಿ ಹೇಳುವವರಿಲ್ಲದೆ ಮಾಸ್ತರರು ಅಂದಾಜಿನಿಂದ ಬರೆದದ್ದು ಅದು. ರೈಸರ ಮನೆತನದಲ್ಲಿ ತಂದೆಯನ್ನೂ ಮಗನನ್ನೂ ಬೇರ್ಪಡಿಸಿದಂತೆ, ನಿಮ್ಮ ಮನೆತನದಲ್ಲಿಯೂ ಅಜ್ಜನ ಹೆಸರನ್ನೇ ಹೊತ್ತ ಮೊಮ್ಮಗನನ್ನು ಬೇರ್ಪಡಿಸಬೇಕಾಗುತ್ತದೆ. ಎರಡು ಆಧಾರಗಳು ಒಂದೇ ಮಾತನ್ನು ಹೇಳಿದರೆ ಅದನ್ನು ಮಸಿಯಿಂದ ಬರೆಯಿರಿ. ಒಂದೇ ಆಧಾರವಿದ್ದರೆ ಪೆನ್ಸಿಲಿನಿಂದ ಬರೆಯಿರಿ. ಅಜ್ಜಿಯರ, ಮುತ್ತಜ್ಜಿಯರ ತವರಿನ ಹೆಸರುಗಳನ್ನು ಮರೆಯದೆ ಬರೆಯಿರಿ. ಕಾಗದಗಳು ಬಿಟ್ಟದ್ದನ್ನು ನೀವು ತುಂಬಬೇಕು.

ಹುಡುಕುವಾಗ ಅರಸರೇ ಸಿಗಬೇಕೆಂದೇನೂ ಇಲ್ಲ. ಜೀತ ಮಾಡಿದವರು, ಕಲ್ಲು ಒಡೆದವರು, ಬರದಲ್ಲಿ ಊರು ತೊರೆದವರು ಸಿಕ್ಕರೆ ನಾಚಬೇಕಾಗಿಲ್ಲ. ಅವರು ಬದುಕಿ ಉಳಿದುದರಿಂದಲೇ ನೀವು ಇಂದು ಕನ್ನಡದಲ್ಲಿ ಈ ಲೇಖನವನ್ನು ಓದುತ್ತಿದ್ದೀರಿ. ಬೇಸಿಗೆಯ ರಜೆ ಹತ್ತಿರ ಬಂದಿದೆ. ನೂರು ಪುಟದ ಒಂದು ನೋಟುಬುಕ್ಕನ್ನು ಇದಕ್ಕಾಗಿ ಎತ್ತಿಡಿರಿ; ಮೊದಲನೆಯ ಪುಟದಲ್ಲಿ ನಿಮ್ಮ ಮನೆಯ ಅತ್ಯಂತ ಹಿರಿಯರ ಹೆಸರನ್ನೂ ಅವರು ಹುಟ್ಟಿದ ಊರಿನ ಹೆಸರನ್ನೂ ಬರೆಯಿರಿ. ಕೇಳಬೇಕಾದವರು ಮನೆಯಲ್ಲಿ ಇರುವಾಗಲೇ ಕೇಳಿರಿ.