ಡಿಸೆಂಬರಿನ ಮರಳು, ಜುಲೈಯ ಕಡಲು

ಡಿಸೆಂಬರ್ ಬಂತೆಂದರೆ ಘಟ್ಟದ ಮೇಲಿನ ಪ್ರವಾಸಿ ಬಸ್ಸುಗಳು ಮಲ್ಪೆ, ಮುರುಡೇಶ್ವರ, ಗೋಕರ್ಣಗಳತ್ತ ಇಳಿಯತೊಡಗುತ್ತವೆ. ಕರಾವಳಿಯ ಚಳಿ ಹೆಸರಿಗಷ್ಟೇ ಚಳಿ. ಬೆಳಗಿನ ಜಾವ 20 ಡಿಗ್ರಿಯ ಆಸುಪಾಸಿಗೆ ಇಳಿದರೆ ಅದೇ ಹೆಚ್ಚು. ಆಗಲೂ ಸಮುದ್ರದ ನೀರು ಗಾಳಿಗಿಂತ ಬೆಚ್ಚಗಿರುತ್ತದೆ. ಬಂದವರ ಕಣ್ಣಿಗೆ ಬೀಳುವುದು ಅಗಲವಾದ ದಂಡೆ, ತಗ್ಗಿದ ಅಲೆ. ಕಡಲತೀರವೆಂದರೆ ಇದೇ ಎಂದು ಮನಸ್ಸಿನಲ್ಲಿ ಅಚ್ಚಾಗಿಬಿಡುತ್ತದೆ. ಆದರೆ ಅವರು ಕಾಲೂರಿ ನಿಂತ ಮರಳಿನಲ್ಲಿ ಒಳ್ಳೆಯ ಪಾಲು ಜುಲೈಯಲ್ಲಿ ನೀರಿನಡಿಯಲ್ಲಿತ್ತು. ಚಳಿಗಾಲದ ದಂಡೆ ಇಡೀ ದಂಡೆಯಲ್ಲ, ಅದರ ಒಂದು ಋತುವಿನ ರೂಪ.

ಮುಂಗಾರಿನಲ್ಲಿ ಮೂರು ನಾಲ್ಕು ಮೀಟರ್ ಎತ್ತರದ ಅಲೆಗಳು ಒಂದರ ಬೆನ್ನಿಗೊಂದು ಬರುತ್ತವೆ. ಮರಳು ಮೊದಲೇ ನೀರು ಕುಡಿದು ತುಂಬಿರುತ್ತದೆ. ಏರಿ ಬಂದ ನೀರಿಗೆ ಇಂಗಲು ಜಾಗವೂ ಇಲ್ಲ, ಪುರುಸೊತ್ತೂ ಇಲ್ಲ. ಮರಳನ್ನು ಬಾಚಿಕೊಂಡೇ ಹಿಂದಿರುಗುತ್ತದೆ. ಹೀಗೆ ಹೋದ ಮರಳಿನ ಹೆಚ್ಚಿನ ಭಾಗ ತೀರದಿಂದ ತುಸು ದೂರದಲ್ಲಿ ದಿಬ್ಬವಾಗಿ ಕೂರುತ್ತದೆ. ದೊಡ್ಡ ಅಲೆಗಳು ಆ ದಿಬ್ಬಕ್ಕೆ ತಾಗಿ ಅಲ್ಲೇ ಒಡೆಯುವುದರಿಂದ, ಕಳೆದುಹೋದಂತೆ ಕಂಡ ಮರಳೇ ಉಳಿದ ದಂಡೆಗೆ ಕಾವಲಾಗುತ್ತದೆ. ಮಳೆಗಾಲ ಮುಗಿದ ಮೇಲೆ ಲೆಕ್ಕ ತಿರುಗುಮುರುಗು. ಆಗಿನ ಅಲೆ ಸಾಮಾನ್ಯವಾಗಿ ಒಂದು ಮೀಟರಿಗಿಂತ ತಗ್ಗು, ಬಿಡುವೂ ಹೆಚ್ಚು. ಮರಳನ್ನು ಮೇಲಕ್ಕೆ ತಳ್ಳಿದ ನೀರಿನಲ್ಲಿ ಒಂದಿಷ್ಟು ಅಲ್ಲೇ ಇಂಗುತ್ತದೆ; ಮರಳುವ ನೀರಿಗೆ ಹೊತ್ತೊಯ್ಯುವ ಕಸುವಿರುವುದಿಲ್ಲ. ಇದರ ಗುರುತು ನೋಡಲು ಯಂತ್ರ ಬೇಕಿಲ್ಲ. ದಂಡೆಯ ಮೇಲ್ಭಾಗದಲ್ಲಿ ಮೊಣಕೈ ಆಳ ಅಗೆದರೆ ಎಷ್ಟೋ ಕಡೆ ಬಿಳಿ ಮರಳಿನ ಕೆಳಗೆ ಕಪ್ಪು ಪಟ್ಟಿ ಸಿಗುತ್ತದೆ. ಹಗುರ ಕಣಗಳನ್ನು ಬಿರುಸು ಅಲೆ ಎಳೆದೊಯ್ದಾಗ ಹಿಂದುಳಿದ ಇಲ್ಮನೈಟ್, ಮ್ಯಾಗ್ನೆಟೈಟ್‌ನಂಥ ಭಾರದ ಖನಿಜಗಳು ಅವು. ಅಯಸ್ಕಾಂತ ಹಿಡಿದರೆ ಮ್ಯಾಗ್ನೆಟೈಟ್ ಮೀಸೆಯಂತೆ ಅಂಟಿಕೊಳ್ಳುತ್ತದೆ.

ಹೋದ ಮರಳು ಬರುವುದಾದರೆ ಉಳ್ಳಾಲದಲ್ಲಿ ಮನೆಗಳು ಏಕೆ ಕಡಲುಪಾಲಾದವು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮರಳು ತಾನಾಗಿ ಹುಟ್ಟುವುದಿಲ್ಲ. ನದಿ ತರಬೇಕು, ಅಲೆ ತೀರದುದ್ದಕ್ಕೂ ಹಂಚಬೇಕು. ನದಿಗೆ ಅಣೆಕಟ್ಟು ಕಟ್ಟಿ, ಹೊಳೆಯ ಹೊಯ್ಗೆಯನ್ನು ಲಾರಿಗಟ್ಟಲೆ ಎತ್ತಿದರೆ ಆ ಆದಾಯ ಕಡಿಮೆಯಾಗುತ್ತದೆ. ಅಳಿವೆ ಬಾಗಿಲಿನಲ್ಲಿ ಕಲ್ಲಿನ ತಡೆಗೋಡೆ ಬಂದರೆ ಮರಳು ಒಂದು ಬದಿ ಪೇರುತ್ತದೆ, ಇನ್ನೊಂದು ಬದಿ ಕೊರೆತ ಶುರುವಾಗುತ್ತದೆ. ಹಾಗಾದರೆ ದಂಡೆಗುಂಟ ಬಂಡೆ ಸುರಿಯುವುದು ದಂಡವೇ? ಹಿಂದಿರುವ ರಸ್ತೆಯನ್ನೋ ಮನೆಯನ್ನೋ ಅದು ಕೆಲಕಾಲ ಉಳಿಸೀತು. ಎದುರಿನ ಮರಳನ್ನು ಉಳಿಸದು. ಬಂಡೆಗೆ ಬಡಿದು ಹಿಮ್ಮೆಟ್ಟಿದ ಅಲೆ ಬುಡವನ್ನೇ ಕೆರೆಯುತ್ತದೆ. ಚಳಿಗಾಲದಲ್ಲಿ ಖಾಲಿ ಕಂಡ ಜಾಗವನ್ನು ನಿವೇಶನವೆಂದು ತಿಳಿದು ಕಟ್ಟಿ, ಮಳೆಗಾಲದಲ್ಲಿ ಕಡಲನ್ನು ಬೈಯುವುದು ನಮ್ಮ ಹಳೆಯ ಚಾಳಿ.

ಈ ಚಳಿಗಾಲ ಕಡಲಿಗೆ ಹೋದಾಗ ಮೇಲ್ದಂಡೆಯ ಮೇಲೂ ಒಮ್ಮೆ ಕಣ್ಣಾಡಿಸಿ. ಮೇಕೆಯ ಗೊರಸಿನಂತೆ ಸೀಳಿದ ಎಲೆ, ನೇರಳೆ ಬಣ್ಣದ ಹೂವಿನ ಅಡುಂಬು ಬಳ್ಳಿ ಹಬ್ಬಿರುವುದು ಅಲೆಗಳ ಕಾಟ ಕಡಿಮೆ ಇರುವ ಕಡೆ. ಅಲ್ಲಿಂದ ನೀರಿನವರೆಗೆ ಹೆಜ್ಜೆ ಎಣಿಸಿ. ಅಷ್ಟು ಜಾಗ ಜೂನ್ ಬಂದಾಗ ಕಡಲಿಗೆ ಬೇಕು.