ಭಯಕ್ಕೆ ‘ನಾಳೆ ಬಾ’ ಎಂದು ಬರೆದರೆ

ಸೋಮವಾರ ಬೆಳಿಗ್ಗೆ ಏಳೂಮುಕ್ಕಾಲು. ಒಂದು ಜಡೆ ಹೆಣೆದಾಗಿದೆ, ಇನ್ನೊಂದು ಅರ್ಧಕ್ಕೆ ನಿಂತಿದೆ. ಎರಡನೇ ಕ್ಲಾಸಿನ ಹುಡುಗಿ ಹೊಟ್ಟೆ ಹಿಡಿದುಕೊಂಡು ಕೂತಿದ್ದಾಳೆ. ಅಜ್ಜಿ ಹೊಕ್ಕುಳ ಸುತ್ತ ಹರಳೆಣ್ಣೆ ಹಚ್ಚಿ, ಓಮದ ನೀರು ಕುಡಿಸಿ, ಸಾಲದ್ದಕ್ಕೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿಯನ್ನೂ ತೆಗೆದಾಯಿತು. ಹೊರಗೆ ಸ್ಕೂಲ್ ವ್ಯಾನ್ ಎರಡು ಸಲ ಹಾರ್ನ್ ಹೊಡೆದು ಹೊರಟುಹೋಗುತ್ತದೆ. ಒಂಬತ್ತೂವರೆಗೆಲ್ಲ ಅದೇ ಹುಡುಗಿ ಇನ್ನೊಂದು ದೋಸೆ ಕೇಳುತ್ತಾಳೆ. “ನೋಡಿದ್ಯಾ, ಎಲ್ಲಾ ನಾಟಕ” ಎನ್ನುತ್ತಾರೆ ಅಪ್ಪ.

ನಮ್ಮ ಕೆಳಗಿನ ಮನೆಯಲ್ಲಿ ಹೋದ ಜೂನ್ ಇಡೀ ನಡೆದದ್ದು ಇದೇ. ಆದರೆ ಅದು ನಾಟಕವಲ್ಲ, ಆ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಮೆದುಳಿನ ಆಳದಲ್ಲಿ ಎಡಕ್ಕೊಂದು ಬಲಕ್ಕೊಂದು ಬಾದಾಮಿಯಂಥ ಎರಡು ಪುಟ್ಟ ಭಾಗಗಳಿವೆ. ಹೆಸರು ಅಮಿಗ್ಡಲ. ಅಪಾಯದ ಸುಳಿವು ಸಿಕ್ಕ ಕೂಡಲೇ ಕೂಗೆಬ್ಬಿಸುವುದು ಅದರ ಕೆಲಸ. ಎದುರಿಗಿರುವುದು ಹುಲಿಯೋ, ಗಣಿತದ ಟೆಸ್ಟೋ ಎಂದು ವಿಚಾರಿಸುತ್ತ ಕೂರುವ ತಾಳ್ಮೆ ಅದಕ್ಕಿಲ್ಲ. ಮೂತ್ರಪಿಂಡದ ಮೇಲಿನ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ, ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆಗೆ ಹೋಗಬೇಕಾದ ರಕ್ತ ಕೈಕಾಲಿಗೆ ಓಡುತ್ತದೆ. ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ 1890ರ ದಶಕದ ಕೊನೆಯಲ್ಲಿ, ಆಗಷ್ಟೇ ಬಂದಿದ್ದ ಎಕ್ಸ್‌ರೇ ಹಿಡಿದು ಬೆಕ್ಕುಗಳ ಜೀರ್ಣಕ್ರಿಯೆ ನೋಡುತ್ತಿದ್ದರು. ಬೆಕ್ಕು ಗಾಬರಿಯಾದ ಕ್ಷಣವೇ ಅದರ ಹೊಟ್ಟೆಯ ಚಲನೆ ನಿಂತುಬಿಡುತ್ತಿತ್ತು. ‘ಹೋರಾಡು ಇಲ್ಲವೇ ಓಡು’ ಎಂಬ ದೇಹದ ಸಿದ್ಧತೆಯನ್ನು ಜಗತ್ತಿಗೆ ವಿವರಿಸಿದವರೂ ಅವರೇ. ಬೆಕ್ಕಿಗೆ ನಾಟಕ ಬರುವುದಿಲ್ಲವಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೊಟ್ಟೆನೋವು ನಡುರಾತ್ರಿ ಎಬ್ಬಿಸುತ್ತಿದ್ದರೆ, ಜ್ವರ, ವಾಂತಿ ಇದ್ದರೆ, ಮಗು ತೂಕ ಇಳಿಯುತ್ತಿದ್ದರೆ ಮೊದಲು ಮಕ್ಕಳ ಡಾಕ್ಟರ ಹತ್ತಿರ ಹೋಗಬೇಕು. ಶಾಲೆಯಲ್ಲಿ ನಿಜಕ್ಕೂ ಹುಲಿ ಇದೆಯೇ ಎಂದೂ ನೋಡಬೇಕು: ಹೊಡೆಯುವ ಮೇಷ್ಟ್ರು, ಗೇಲಿ ಮಾಡುವ ಗುಂಪು, ಕಾಲಿಡಲಾಗದ ಶೌಚಾಲಯ, ಬೋರ್ಡು ಕಾಣದ ಕಣ್ಣು, ಅಕ್ಷರ ಕೂಡಿಸಿ ಓದಲು ಬಾರದ ಸಂಕಟ. ಹುಲಿ ಇದ್ದರೆ ಓಡಿಸಬೇಕಾದದ್ದು ದೊಡ್ಡವರು. ಮಗುವಿಗೆ ಧೈರ್ಯದ ಪಾಠ ಹೇಳುವುದು ಆಗ ಅನ್ಯಾಯ.

ಹುಲಿ ಇಲ್ಲದೆಯೂ ಭಯ ಉಳಿಯುತ್ತದೆ. ಯಾಕೆ? 90ರ ದಶಕದ ಬೆಂಗಳೂರು ಕಂಡವರಿಗೆ ಮನೆಮನೆಯ ಬಾಗಿಲ ಮೇಲಿದ್ದ ‘ನಾಳೆ ಬಾ’ ನೆನಪಿರಬೇಕು. ರಾತ್ರಿ ಬಂದ ದೆವ್ವ ಅದನ್ನು ಓದಿ ಹಿಂದಿರುಗುತ್ತಿತ್ತಂತೆ, ಮರುದಿನ ಮತ್ತೆ ಬರುತ್ತಿತ್ತಂತೆ. ಬಾಗಿಲು ತೆರೆದು ಯಾರೂ ನೋಡಲೇ ಇಲ್ಲವಾದ್ದರಿಂದ, ದೆವ್ವ ಇಲ್ಲವೆಂದು ಗೊತ್ತಾಗುವ ದಾರಿಯೂ ಇರಲಿಲ್ಲ. ಶಾಲೆ ತಪ್ಪಿಸಿದ ಸೋಮವಾರದ ಕಥೆಯೂ ಅಷ್ಟೇ. ವ್ಯಾನ್ ಹೋದೊಡನೆ ಸಿಗುವ ಆ ‘ಉಸ್ಸಪ್ಪಾ’ ಇದೆಯಲ್ಲ, ಮೆದುಳಿಗೆ ಅದೇ ಬಹುಮಾನ. ಮನೆಯಲ್ಲುಳಿದೆ, ಬಚಾವಾದೆ ಎಂದು ಅದು ಲೆಕ್ಕ ಬರೆದುಕೊಳ್ಳುತ್ತದೆ. ಮಂಗಳವಾರ ನೋವು ಇನ್ನಷ್ಟು ಜೋರು.

ಬಾಗಿಲು ತೆರೆಯುವ ಬಗೆಯನ್ನು ತೋರಿಸಿಕೊಟ್ಟವರು ಅಮೆರಿಕದ ಮೇರಿ ಕವರ್ ಜೋನ್ಸ್. 1924ರಲ್ಲಿ ಅವರು ಪ್ರಕಟಿಸಿದ ‘ಪೀಟರ್’ ಎಂಬ ಬಾಲಕನ ವೃತ್ತಾಂತ ಇವತ್ತಿಗೂ ಓದುವಂತಿದೆ. ಅವನಿಗಿನ್ನೂ ಮೂರು ತುಂಬಿರಲಿಲ್ಲ. ಮೊಲ ಕಂಡರೆ ಚೀರುತ್ತಿದ್ದ. ತುಪ್ಪಳದ ಕೋಟು, ಹಕ್ಕಿಯ ಗರಿ, ಕೊನೆಗೆ ಹತ್ತಿಯೂ ಆಗುತ್ತಿರಲಿಲ್ಲ. ಜೋನ್ಸ್ ಬೈಯಲಿಲ್ಲ, ಮೊಲವನ್ನು ತಂದು ತೊಡೆಯ ಮೇಲೂ ಇಡಲಿಲ್ಲ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿಟ್ಟರು. ಹನ್ನೆರಡು ಅಡಿ, ಆಮೇಲೆ ನಾಲ್ಕು, ಮೂರು. ಹೆದರದ ಮಕ್ಕಳನ್ನೂ ಜೊತೆಗೆ ಆಡಲು ಬಿಟ್ಟರು. ನಡುವೆ ಪೀಟರ್ ಜ್ವರ ಬಂದು ಎರಡು ತಿಂಗಳು ಆಸ್ಪತ್ರೆ ಸೇರಿದ. ಅಲ್ಲಿಂದ ಹೊರಟ ದಿನ ದೊಡ್ಡ ನಾಯಿಯೊಂದು ಮೈಮೇಲೆ ಹಾರಿತು. ಗಳಿಸಿದ್ದೆಲ್ಲ ಹೋಯಿತು. ಮತ್ತೆ ಮೊದಲಿನಿಂದ ಶುರು. ಕೊನೆಗೊಂದು ದಿನ ಮೊಲ ತನ್ನ ಬೆರಳು ಮೆಲ್ಲುವುದಕ್ಕೂ ಬಿಟ್ಟ.

ನಾಯಿ ಬಂದದ್ದೇ ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು. ಹಳೆಯ ಭಯ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ಅನುಭವದ ಪದರ ಕೂರುತ್ತದೆ ಅಷ್ಟೇ. ಪರೀಕ್ಷೆ, ಕಾಯಿಲೆ, ದಸರಾ ರಜೆ, ಏನಾದರೂ ಬಂದು ಆ ಪದರ ಕಿತ್ತರೆ ಕೆಳಗಿನದು ಇಣುಕುತ್ತದೆ. ಇಷ್ಟು ಮಾಡಿದ್ದೆಲ್ಲ ದಂಡ ಎಂದು ಅಪ್ಪ ಅಮ್ಮ ಕೈಚೆಲ್ಲುವುದು ಸಾಮಾನ್ಯವಾಗಿ ಆಗಲೇ.

ಮಗುವನ್ನು ಬಿಟ್ಟು ಹೆತ್ತವರಿಗಷ್ಟೇ ತರಬೇತಿ ಕೊಟ್ಟರೆ ಹೇಗೆ? ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ತಂಡ ಇದನ್ನು ಪರೀಕ್ಷಿಸಿತು. ಆತಂಕದ ತೊಂದರೆಯಿದ್ದ 124 ಮಕ್ಕಳಲ್ಲಿ ಒಂದು ಗುಂಪಿಗೆ ನೇರ ಮನೋಚಿಕಿತ್ಸೆ. ಇನ್ನೊಂದು ಗುಂಪಿನಲ್ಲಿ ಮಕ್ಕಳನ್ನು ಕರೆಯಲೇ ಇಲ್ಲ, ಬಂದವರು ಅಪ್ಪ ಅಮ್ಮಂದಿರು ಮಾತ್ರ. 2020ರಲ್ಲಿ ಅಚ್ಚಾದ ಫಲಿತಾಂಶದ ಪ್ರಕಾರ ಎರಡನೆಯದು ಮೊದಲನೆಯದಕ್ಕಿಂತ ಕಡಿಮೆಯೇನೂ ಇರಲಿಲ್ಲ. ಆ ಹೆತ್ತವರು ಕಲಿತದ್ದು ಒಂದೇ: ಭಯಕ್ಕೆ ತಾವು ಮಾಡಿಕೊಡುತ್ತಿದ್ದ ಅನುಕೂಲಗಳನ್ನು ಒಂದೊಂದಾಗಿ ಹಿಂದಕ್ಕೆ ತೆಗೆದುಕೊಳ್ಳುವುದು, ಅದೂ ಪ್ರೀತಿಯಿಂದ. ನೆಂಟರ ಪ್ರಶ್ನೆಗೆ ಮಗುವಿನ ಬದಲು ಅಮ್ಮ ಉತ್ತರಿಸುವುದು, “ಏನೂ ಆಗಲ್ಲ ಅಲ್ವಾಮ್ಮಾ?” ಎಂಬ ಪ್ರಶ್ನೆಗೆ ಇಪ್ಪತ್ತನೇ ಸಲವೂ “ಏನೂ ಆಗಲ್ಲ ಕಂದಾ” ಎನ್ನುವುದು, ಎಲ್ಲವೂ ‘ನಾಳೆ ಬಾ’ ಫಲಕಗಳೇ. ಬದಲಿಗೆ ಹೇಳಬೇಕಾದದ್ದು ಎರಡು ಮಾತು: “ನಿಂಗೆ ಹೆದರಿಕೆ ಆಗ್ತಿದೆ, ಗೊತ್ತು ಪುಟ್ಟಾ. ಆದ್ರೂ ನಿನ್ ಕೈಲಾಗತ್ತೆ.” ಮೊದಲನೆಯದನ್ನು ಬಿಟ್ಟರೆ ಗದರಿಕೆಯಾಗುತ್ತದೆ, ಎರಡನೆಯದನ್ನು ಬಿಟ್ಟರೆ ಮುದ್ದು.

ಉಸಿರಾಟವೂ ನೆರವಾಗುತ್ತದೆ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುವುದು ದೇಹದ ನಿಯಮ. “ಬಿಸಿ ಹಾಲು ಆರಿಸೋ ಹಾಗೆ ಮೆಲ್ಲಗೆ ಊದು” ಎಂದರೆ ಸಾಕು, ಯೋಗದ ಹೆಸರೆತ್ತಿ ಹೆದರಿಸಬೇಕಿಲ್ಲ.

ವಾರಗಟ್ಟಲೆ ಶಾಲೆ, ನಿದ್ದೆ, ಊಟ ಕೆಟ್ಟರೆ ಮನೆಮದ್ದು ಸಾಲದು. ಅಮೆರಿಕದಲ್ಲಿ 488 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾತ್ರೆ, ಮಾತಿನ ಚಿಕಿತ್ಸೆ ಎರಡೂ ಸಿಕ್ಕ ನೂರರಲ್ಲಿ ಸುಮಾರು 80 ಮಕ್ಕಳು ಚೆನ್ನಾಗಿ ಸುಧಾರಿಸಿದರು. ಮಾತಿನ ಚಿಕಿತ್ಸೆಯೊಂದರಿಂದಲೇ 60. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. ದೂರದೂರಿನವರು 14416ಕ್ಕೆ ಫೋನ್ ಮಾಡಬಹುದು. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೂ ಮಾತಾಡುತ್ತಾರೆ.

ಕೆಳಗಿನ ಮನೆಯವರು ಮೆಟ್ಟಿಲು ಮೆಟ್ಟಿಲಾಗಿ ಹೋದರು. ಶನಿವಾರ ಮಧ್ಯಾಹ್ನ ಬರೀ ಗೇಟಿನವರೆಗೆ. ಮುಂದಿನ ವಾರ ಮೊದಲ ಎರಡು ಪೀರಿಯಡ್. ಆಮೇಲೆ ಊಟದ ಬೆಲ್ಲಿನವರೆಗೆ. ನೋವು ಎಷ್ಟು ಎಂದು ಕೇಳುವುದಕ್ಕೆ ಆ ಅಮ್ಮ ತರಕಾರಿ ಬುಟ್ಟಿಯನ್ನೇ ಅಳತೆ ಮಾಡಿಕೊಂಡಿದ್ದರು. ಶುರುವಿನಲ್ಲಿ “ಕುಂಬಳಕಾಯಿಯಷ್ಟು” ಎನ್ನುತ್ತಿದ್ದ ಹುಡುಗಿ, ಆಗಸ್ಟ್‌ನ ಒಂದು ಸೋಮವಾರ ಎರಡನೇ ಜಡೆಗೆ ರಿಬ್ಬನ್ ಕಟ್ಟಿಸಿಕೊಳ್ಳುತ್ತ “ನಿಂಬೆಹಣ್ಣು” ಎಂದಳು. ಗುರುವಾರ ಮತ್ತೆ ಕುಂಬಳಕಾಯಿ. ಆದರೂ ವ್ಯಾನ್ ಹತ್ತಿದಳು. ಅಜ್ಜಿ ಹರಳೆಣ್ಣೆ ಬಾಟಲಿ ಹಿಡಿದು ಗೇಟಿನ ಹತ್ತಿರವೇ ನಿಂತಿದ್ದರು.